ಬೇಜಾರಿಗೂ ಮದ್ದುಂಟು

ಬಯಲುಸೀಮೆಯ ಮನೆಗಳಲ್ಲಿ ಸಾಲದ ಲೆಕ್ಕ ಊರಿಗೆಲ್ಲ ಗೊತ್ತಿರುತ್ತದೆ. ಮನಸ್ಸಿನ ಸ್ಥಿತಿ ಮನೆಯವರಿಗೂ ಗೊತ್ತಿರುವುದಿಲ್ಲ. ಆತ್ಮಹತ್ಯೆ ತಡೆಯುವ ಬಗ್ಗೆ ವೈದ್ಯಕೀಯ ಸಂಶೋಧನೆ ಇಷ್ಟು ವರ್ಷಗಳಲ್ಲಿ ಕಂಡುಕೊಂಡಿರುವುದೇನು? ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಿಗೆ ಅದು ಒದಗುವುದು ಹೇಗೆ?

ಹೊಸದುರ್ಗದ ತಾಲ್ಲೂಕು ಆಸ್ಪತ್ರೆಯಿರಲಿ, ಹೊಳಲ್ಕೆರೆ ಸುತ್ತಲಿನ ಪ್ರಾಥಮಿಕ ಆರೋಗ್ಯ ಕೇಂದ್ರವಿರಲಿ, ‘ನನಗೆ ಖಿನ್ನತೆಯಾಗಿದೆ’ ಎಂದು ಹೇಳಿಕೊಂಡು ಬರುವವರು ಅಪರೂಪ. ಬಂದವರು ಹೇಳುವುದೇ ಬೇರೆ. ‘ತಲೆ ಭಾರ ಆಗೈತೆ, ರಾತ್ರಿ ನಿದ್ದೆ ಹತ್ತಲ್ಲ’, ‘ಎದೆ ಡವಡವ ಅಂತೈತೆ’, ‘ಮೈಕೈಯೆಲ್ಲ ನೋವು, ಯಾವ ಕೆಲಸಕ್ಕೂ ಮನಸ್ಸಾಗಲ್ಲ’, ‘ಊಟ ಸೇರಲ್ಲ, ಏನೋ ಬೇಜಾರು’. ರಕ್ತ ಪರೀಕ್ಷೆಯಾಗುತ್ತದೆ, ಇಸಿಜಿ ಆಗುತ್ತದೆ, ಗ್ಯಾಸ್ಟ್ರಿಕ್ ಮಾತ್ರೆಯೂ ಶಕ್ತಿಗೆಂದು ಒಂದು ಇಂಜೆಕ್ಷನ್ನೂ ಸಿಗುತ್ತವೆ. ರಿಪೋರ್ಟೆಲ್ಲ ನಾರ್ಮಲ್ ಎಂದು ಮನೆಯವರಿಗೆ ಸಮಾಧಾನವಾಗುತ್ತದೆ. ರೋಗಿ ಮಾತ್ರ ಬಂದ ಹಾಗೆಯೇ ಮನೆಗೆ ಹೋಗುತ್ತಾರೆ.

ಇದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. ಡಾ. ಆರ್. ರಘುರಾಮ್, ಡಾ. ಎಸ್.ಎಂ. ಚನ್ನಬಸವಣ್ಣ ಹಾಗೂ ವಿದೇಶಿ ಸಹೋದ್ಯೋಗಿಗಳು ಸೇರಿ ನಡೆಸಿದ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ಮನೋವೈದ್ಯರಲ್ಲಿಗೆ ಬಂದಿದ್ದ 80 ಜನರನ್ನು ಅವರು ಕೂರಿಸಿಕೊಂಡು ಮಾತನಾಡಿಸಿದ್ದರು. ಮೈನೋವು, ಸುಸ್ತು ಎಂದು ಹೇಳಿಕೊಳ್ಳುವುದಕ್ಕೆ ಯಾರಿಗೂ ಸಂಕೋಚವಿರಲಿಲ್ಲ. ಮೈನೋವು ಯಾರಿಗಾದರೂ ಬರುವಂಥದ್ದು. ಮನಸ್ಸು ಕುಸಿದಿದೆ ಎಂದು ಹೇಳಿಕೊಂಡರೆ ಮಾತ್ರ ಮಗಳ ಮದುವೆಗೆ ತೊಡಕಾದೀತು, ನಾಲ್ಕು ಜನ ಹಗುರವಾಗಿ ಕಂಡಾರು ಎಂಬ ಅಳುಕಿತ್ತು. ಖಿನ್ನತೆ ಹೆಚ್ಚಿದಷ್ಟೂ ಕಳಂಕದ ಭಯ ಹೆಚ್ಚು, ದೇಹದ ನೋವನ್ನೇ ಮುಂದೆ ಮಾಡಿದವರಲ್ಲಿ ಆ ಭಯ ಕಡಿಮೆ ಎಂಬುದು ಅಧ್ಯಯನದ ಸಾರ. ನಮ್ಮ ಜನ ನೋವನ್ನು ದೇಹದ ಭಾಷೆಯಲ್ಲಿ ಹೇಳುವುದಕ್ಕೆ ಕಾರಣ ಅಜ್ಞಾನವಲ್ಲ, ಮರ್ಯಾದೆಯ ರಕ್ಷಣೆ. ಆ ಭಾಷೆ ವೈದ್ಯರಿಗೆ ಅರ್ಥವಾಗದಿದ್ದರೆ ಕಾಯಿಲೆ ಒಳಗೇ ಉಳಿಯುತ್ತದೆ.

ಉಳಿದದ್ದು ಎಷ್ಟು ಎಂಬುದಕ್ಕೂ ಲೆಕ್ಕವಿದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ತುತ್ತಾಗುತ್ತಾರೆ. ಖಿನ್ನತೆಯಿರುವ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಸಾಲವೋ, ಕಾಯಿಲೆಯೋ?

ಚಿತ್ರದುರ್ಗ ಜಿಲ್ಲೆ ಮಳೆ ಕಂಡದ್ದೇ ಕಡಿಮೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿಯಲು 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ ಕಾಯಬೇಕಾಯಿತು. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗು, ದಾಳಿಂಬೆ. ಹಿರಿಯೂರು, ಚಿತ್ರದುರ್ಗದ ಕಡೆ ಈರುಳ್ಳಿ, ಮೆಕ್ಕೆಜೋಳ, ಶೇಂಗಾ, ಹತ್ತಿ. ತೋಟ ಮಾಡಿದವರ ಬದುಕು ಕೊಳವೆಬಾವಿಯ ಮೇಲೆ, ಹೊಲ ಮಾಡಿದವರ ಬದುಕು ಮೋಡದ ಮೇಲೆ. ಒಂದು ಬೋರು ಒಣಗಿದರೆ ಇನ್ನೊಂದು, ಅದೂ ಫೇಲಾದರೆ ಮತ್ತೊಂದು. ಬ್ಯಾಂಕಿನ ಸಾಲದ ಜತೆ ಕೈಸಾಲ, ಅದರ ಜತೆ ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ.

ಹೀಗಿರುವಾಗ ಇಲ್ಲಿ ಒಬ್ಬ ರೈತ ಜೀವ ಕಳೆದುಕೊಂಡರೆ ಎಲ್ಲರ ಕಣ್ಣೂ ಮೊದಲು ಸಾಲದ ಕಡೆಗೇ ಹೋಗುತ್ತದೆ. ಸರ್ಕಾರದ ಪರಿಹಾರವೂ ಆ ಲೆಕ್ಕದಲ್ಲೇ ಸಾಗುತ್ತದೆ. ಕರ್ನಾಟಕದಲ್ಲಿ 2015ರಿಂದ ಅರ್ಹ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಸಿಗುತ್ತಿದೆ. ಅರ್ಹತೆ ತೀರ್ಮಾನಿಸುವ ಕಡತದಲ್ಲಿ ಪಹಣಿ, ಸಾಲದ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಇರುತ್ತವೆ. ಸಾಯುವ ಮುಂಚಿನ ತಿಂಗಳುಗಳಲ್ಲಿ ಆ ಮನುಷ್ಯ ನಿದ್ದೆ ಮಾಡುತ್ತಿದ್ದನೇ, ಊಟ ಮಾಡುತ್ತಿದ್ದನೇ, ಯಾರಾದರೂ ವೈದ್ಯರನ್ನು ಕಂಡಿದ್ದನೇ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರುವುದಿಲ್ಲ.

ಈ ಪ್ರಶ್ನೆ ಎತ್ತಿದಾಗಲೆಲ್ಲ ಗಲಾಟೆಯಾಗಿದೆ. ರೈತರ ಸಾವುಗಳ ಅಧ್ಯಯನಕ್ಕೆಂದು ರಾಜ್ಯ ಸರ್ಕಾರ ಕೃಷಿ ವಿಶ್ವವಿದ್ಯಾಲಯದ ವಿಶ್ರಾಂತ ಕುಲಪತಿ ಡಾ. ಜಿ.ಕೆ. ವೀರೇಶ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕುಡಿತ, ಕೌಟುಂಬಿಕ ಕಲಹ, ಅನಾರೋಗ್ಯ ಮುಂತಾದ ಹಲವು ಕಾರಣಗಳನ್ನು ಅದು ಮುಂದಿಟ್ಟಿತು. ಸಾಲದ ತೀವ್ರತೆಯನ್ನು ಮರೆಮಾಚಲಾಗಿದೆ ಎಂದು ರೈತ ಸಂಘಟನೆಗಳು ಕಟುವಾಗಿ ಟೀಕಿಸಿದವು. ಅದೇ ವರ್ಷ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯ ಪ್ರೊ. ಆರ್.ಎಸ್. ದೇಶಪಾಂಡೆ ಪ್ರಕಟಿಸಿದ ಅಧ್ಯಯನ ಕೃಷಿಯ ಸಂಕಟವನ್ನೂ ಕುಟುಂಬದ ಸಂಕಟವನ್ನೂ ಒಟ್ಟಿಗೆ ಇಟ್ಟು ನೋಡಿತು. ರೈತ ಸಂಘಟನೆಗಳ ಆತಂಕದಲ್ಲಿ ಹುರುಳಿತ್ತು. ‘ಕುಡಿದು ಸತ್ತ’ ಎಂದೋ ‘ತಲೆ ಸರಿಯಿರಲಿಲ್ಲ’ ಎಂದೋ ಬರೆದುಬಿಟ್ಟರೆ ಸರ್ಕಾರದ ಹೊಣೆ ಮುಗಿದುಹೋಗುತ್ತದೆ, ವಿಧವೆಯ ಕೈ ಬರಿದಾಗುತ್ತದೆ.

ವೈದ್ಯಕೀಯ ಸಂಶೋಧನೆ ಈ ಜಗಳದಲ್ಲಿ ಯಾರ ಪಕ್ಷವನ್ನೂ ಪೂರ್ತಿಯಾಗಿ ಹಿಡಿಯುವುದಿಲ್ಲ. ತೀರಿಕೊಂಡವರ ಮನೆಯವರು, ಗೆಳೆಯರೊಡನೆ ಗಂಟೆಗಟ್ಟಲೆ ಮಾತನಾಡಿ ಅವರ ಕೊನೆಯ ದಿನಗಳ ಮನಃಸ್ಥಿತಿಯನ್ನು ಕಟ್ಟಿಕೊಳ್ಳುವ ಒಂದು ವಿಧಾನವಿದೆ. ಡಾ. ಜಿ. ಗುರುರಾಜ್ ನೇತೃತ್ವದ ನಿಮ್ಹಾನ್ಸ್ ತಂಡ ಬೆಂಗಳೂರಿನಲ್ಲಿ ಆತ್ಮಹತ್ಯೆ ಮಾಡಿಕೊಂಡ 269 ಮಂದಿಯ ಬದುಕನ್ನು ಅಷ್ಟೇ ಸಂಖ್ಯೆಯ ಜೀವಂತ ನೆರೆಹೊರೆಯವರ ಬದುಕಿನೊಡನೆ ಹೋಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ದಾಂಪತ್ಯ ಕಲಹ, ಮನೆಯೊಳಗಿನ ಹಿಂಸೆ, ತನ್ನ ಅಥವಾ ಸಂಗಾತಿಯ ಕುಡಿತ, ಹಠಾತ್ ಆರ್ಥಿಕ ಕುಸಿತ, ಮಾನಸಿಕ ಕಾಯಿಲೆ ಇವೆಲ್ಲ ತೀರಿಕೊಂಡವರಲ್ಲಿ ಎದ್ದು ಕಂಡವು. ಚೆನ್ನೈನಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ತಂಡ ಇದೇ ಬಗೆಯಲ್ಲಿ ನೋಡಿದಾಗ ಬಹುಪಾಲು ಮಂದಿಗೆ ಮಾನಸಿಕ ಕಾಯಿಲೆಯಿತ್ತು. ವೆಲ್ಲೂರು ಬಳಿಯ ಹಳ್ಳಿಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ ಬೇರೆಯಾಗಿತ್ತು. 2010ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 100 ಮಂದಿಯಲ್ಲಿ 37 ಮಂದಿಗೆ ಮಾತ್ರ ಮಾನಸಿಕ ಕಾಯಿಲೆಯ ಲಕ್ಷಣಗಳಿದ್ದವು. ಅಲ್ಲಿ ಬದುಕಿನ ಬಿಡದ ಒತ್ತಡ, ವಾಸಿಯಾಗದ ದೈಹಿಕ ನೋವು ಹೆಚ್ಚು ಕಂಡವು.

ಹಣದ ಕಷ್ಟ ತಗ್ಗಿದರೆ ಸಾವು ತಗ್ಗುತ್ತದೆಯೇ? ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನೇರವಾಗಿ ಹಣ ಕೊಡಲು ಆರಂಭಿಸಿದ ಮೇಲೆ ಆತ್ಮಹತ್ಯೆ ಪ್ರಮಾಣ ಶೇ 18ರಷ್ಟು ಇಳಿಯಿತು ಎಂದು ಅರ್ಥಶಾಸ್ತ್ರಜ್ಞರು 2019ರಲ್ಲಿ ತೋರಿಸಿದರು. ಸಾಲ ಮನುಷ್ಯನನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸಿಗೆ ಸಾಲ ತೀರಿಸುವ ದಾರಿಗಳೆಲ್ಲ ಮುಚ್ಚಿದಂತೆ ಕಾಣುತ್ತವೆ. ಎರಡೂ ಕಡೆಯಿಂದ ಕೈಹಾಕದೆ ಈ ಗಂಟು ಬಿಚ್ಚುವುದಿಲ್ಲ. ವಸೂಲಿ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ತಂದ ಮೈಕ್ರೊಫೈನಾನ್ಸ್ ಕಾನೂನೂ ಬೇಕು, ಆರೋಗ್ಯ ಕೇಂದ್ರದಲ್ಲಿ ಖಿನ್ನತೆಯ ಮಾತ್ರೆಯೂ ಬೇಕು.

ರೈತರ ಮಾತಿನ ನಡುವೆ ಮರೆತುಹೋಗುವವರೂ ಇದ್ದಾರೆ. 2016ರಲ್ಲಿ ಜಗತ್ತಿನಾದ್ಯಂತ ಆತ್ಮಹತ್ಯೆ ಮಾಡಿಕೊಂಡ ಮಹಿಳೆಯರಲ್ಲಿ ಶೇ 37ರಷ್ಟು ಮಂದಿ ಭಾರತೀಯರು. ಜಗತ್ತಿನಲ್ಲಿ 15ರಿಂದ 29 ವರ್ಷದವರ ಸಾವಿನ ಪ್ರಮುಖ ಕಾರಣಗಳಲ್ಲಿ ಆತ್ಮಹತ್ಯೆಗೆ ಮೂರನೆಯ ಸ್ಥಾನವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಡನ ಮನೆಗೆ ಬಂದು ವರ್ಷವಾಗದ ಸೊಸೆ, ಪಿಯುಸಿಯಲ್ಲಿ ಫೇಲಾದ ಹುಡುಗ, ಮಗು ಹೆತ್ತು ತವರಿನಲ್ಲಿ ಮಂಕಾಗಿ ಕುಳಿತ ಬಾಣಂತಿ, ಇವರ ಹೆಸರಿನಲ್ಲಿ ಪಹಣಿಯೂ ಇರುವುದಿಲ್ಲ, ಕಡತವೂ ತೆರೆಯುವುದಿಲ್ಲ.

ಕೇಳಿದರೆ ಕೆಡುಕಾಗುವುದಿಲ್ಲ

ಯಾರು ಈ ದಾರಿ ಹಿಡಿಯುತ್ತಾರೆ ಎಂದು ಮೊದಲೇ ಹೇಳಬಲ್ಲ ಪರೀಕ್ಷೆಯೊಂದು ಸಿಕ್ಕರೆ ಎಲ್ಲ ಸುಲಭವಾಗುತ್ತಿತ್ತು. ಅದಕ್ಕಾಗಿ ಸಂಶೋಧಕರು ದಶಕಗಳಿಂದ ಹುಡುಕಿದ್ದಾರೆ. ಅಮೆರಿಕದ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು 50 ವರ್ಷಗಳ 365 ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ನಿರಾಸೆ ತರುವಂಥದ್ದು. ಹಿಂದಿನ ಯತ್ನ, ಖಿನ್ನತೆ, ಹತಾಶೆ, ಕುಡಿತ, ಯಾವ ಒಂದು ಅಂಶವನ್ನು ಹಿಡಿದುಕೊಂಡರೂ ಮುಂದಿನದನ್ನು ಊಹಿಸುವುದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು.

ನಿರಾಸೆಯ ಈ ಫಲಿತಾಂಶದಲ್ಲೇ ಕೆಲಸಕ್ಕೆ ಬರುವ ಪಾಠವಿದೆ. ‘ಇವನು ಅಂಥವನಲ್ಲ’, ‘ಅವಳು ಧೈರ್ಯವಂತೆ’ ಎಂಬ ನಮ್ಮ ಅಂದಾಜಿಗೆ ಬೆಲೆಯಿಲ್ಲ. ಕುಗ್ಗಿದವರು ಯಾರೇ ಇರಲಿ, ಎಲ್ಲರನ್ನೂ ಕೇಳಬೇಕು, ಎಲ್ಲರಿಗೂ ಆರೈಕೆ ಸಿಗಬೇಕು.

ಕೇಳಲು ಹಿಂಜರಿಯುವುದಕ್ಕೆ ಕಾರಣ ಒಂದು ಭಯ: ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾದೀತು. ಈ ಭಯವನ್ನು ಸಂಶೋಧಕರು ನೇರವಾಗಿ ಪರೀಕ್ಷಿಸಿದ್ದಾರೆ. ನ್ಯೂಯಾರ್ಕ್ ರಾಜ್ಯದ 2,342 ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಆತ್ಮಹತ್ಯೆಯ ಯೋಚನೆಯ ಬಗ್ಗೆ ಪ್ರಶ್ನೆ ಕೇಳಿ, ಉಳಿದವರಿಗೆ ಕೇಳದೆ ಬಿಟ್ಟರು. ಕೇಳಿಸಿಕೊಂಡವರಲ್ಲಿ ಸಂಕಟವಾಗಲೀ ಅಂಥ ಯೋಚನೆಯಾಗಲೀ ಹೆಚ್ಚಲಿಲ್ಲ. ಮೊದಲೇ ಕುಗ್ಗಿದ್ದ ಮಕ್ಕಳಿಗೆ ಮನಸ್ಸು ತುಸು ಹಗುರವಾಯಿತು. 2005ರಲ್ಲಿ ಬಂದ ಈ ಫಲಿತಾಂಶವನ್ನು ನಂತರದ ಅಧ್ಯಯನಗಳೂ ಎತ್ತಿಹಿಡಿದಿವೆ.

ಹಾಗಾದರೆ ಹೇಗೆ ಕೇಳುವುದು? ಹೊಸದುರ್ಗ ತಾಲ್ಲೂಕಿನ ಒಬ್ಬ ದಾಳಿಂಬೆ ಬೆಳೆಗಾರರನ್ನು ಕಣ್ಣಮುಂದೆ ತಂದುಕೊಳ್ಳಿ. ವಯಸ್ಸು ನಲವತ್ತೈದರ ಆಸುಪಾಸು. ಗಿಡಕ್ಕೆ ರೋಗ ಬಂದು ಎರಡು ಬೆಳೆ ಕೈಬಿಟ್ಟಿವೆ. ಬಿ.ಪಿ. ಮಾತ್ರೆಗೆಂದು ಊರಿನ ಆರೋಗ್ಯ ಉಪಕೇಂದ್ರಕ್ಕೆ ಬಂದಿದ್ದಾರೆ. ಇಂಥವರು ಜಿಲ್ಲೆಯ ಯಾವ ಊರಿನಲ್ಲಾದರೂ ಇರಬಹುದು. ಸಮುದಾಯ ಆರೋಗ್ಯ ಅಧಿಕಾರಿ ಬಿ.ಪಿ. ನೋಡಿದ ಮೇಲೆ ಪಟ್ಟಿ ಬಿಚ್ಚುತ್ತಲೇ ಕೇಳುತ್ತಾರೆ:

‘ಅಣ್ಣಾ, ಹದಿನೈದು ದಿನದಿಂದ ನಿದ್ದೆ ಹೆಂಗೈತೆ?’

‘ಎಲ್ಲಿ ನಿದ್ದೆ ಮೇಡಂ. ಮೂರು ಗಂಟೆಗೇ ಎಚ್ರ ಆಗ್ತೈತೆ.’

‘ತೋಟದ ಕಡೆ ಹೋಗೋಕೆ ಮನಸ್ಸಾಗುತ್ತಾ?’

‘ಯಾಕ್ ಹೋಗ್ಬೇಕು ಅನ್ಸ್ತೈತೆ.’

‘ಮನೇಲಿ ಎಲ್ರಿಗೂ ನಾನೇ ಭಾರ ಅನ್ಸೈತಾ?’

ಅವರು ಸುಮ್ಮನಾಗುತ್ತಾರೆ.

‘ಒಂದು ಮಾತು ನೇರವಾಗಿ ಕೇಳ್ತೀನಿ, ತಪ್ಪು ತಿಳ್ಕೋಬೇಡಿ ಅಣ್ಣಾ. ಇಷ್ಟು ಕಷ್ಟ ಆದಾಗ ಸುಮಾರು ಜನಕ್ಕೆ ಬದುಕೇ ಬೇಡ ಅನ್ನಿಸ್ತದೆ. ನಿಮಗೂ ಹಂಗನ್ನಿಸಿ, ಜೀವ ಕಳ್ಕೊಳ್ಳೋ ಯೋಚನೆ ಬಂದೈತಾ?’

ಇದರಲ್ಲಿ ಉಪದೇಶವಿಲ್ಲ, ‘ಛೆ, ಅಂಥದ್ದೆಲ್ಲ ಯೋಚನೆ ಮಾಡಬಾರದು’ ಎಂಬ ಗದರಿಕೆಯಿಲ್ಲ, ‘ಹೆಂಡತಿ ಮಕ್ಕಳ ಮುಖ ನೋಡು’ ಎಂದು ತಪ್ಪಿತಸ್ಥ ಭಾವನೆಯನ್ನು ಹೇರುವುದೂ ಇಲ್ಲ. ಉತ್ತರ ‘ಹೌದು’ ಎಂದಾದರೆ ಮುಂದಿನ ಕೆಲಸ ಸ್ಪಷ್ಟ: ಒಬ್ಬರನ್ನೇ ಬಿಡದೆ ಜತೆಗಿರುವುದು, ಮನೆಯವರೊಬ್ಬರನ್ನು ಕರೆಸುವುದು, ಅಪಾಯಕಾರಿ ವಸ್ತುಗಳನ್ನು ಅವರ ಕೈಗೆ ಸಿಗದಂತೆ ಮಾಡುವುದು, ಅದೇ ದಿನ ವೈದ್ಯರ ಬಳಿಗೆ ಕಳುಹಿಸುವುದು. ಆರೋಗ್ಯ ಸಿಬ್ಬಂದಿ ಬಳಸುವ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕೇಳುವುದೂ ಇಂಥವನ್ನೇ. ಎರಡು ವಾರಗಳಿಂದ ನಿದ್ದೆ, ಹಸಿವು, ಆಸಕ್ತಿ, ಸುಸ್ತು, ಏಕಾಗ್ರತೆ ಹೇಗಿವೆ ಎಂದು ವಿಚಾರಿಸಿ, ಒಂಬತ್ತನೆಯದರಲ್ಲಿ ಸಾವಿನ ಯೋಚನೆಯ ಬಗ್ಗೆ ಕೇಳುತ್ತದೆ. ಐದು ನಿಮಿಷ ಸಾಕು.

ಮಾತ್ರೆ ಏನು ಮಾಡುತ್ತದೆ, ಮಾತು ಏನು ಮಾಡುತ್ತದೆ

ಖಿನ್ನತೆಗೆ ಮಾತ್ರೆ ಬಂದು ಎಪ್ಪತ್ತು ವರ್ಷವಾಗುತ್ತ ಬಂತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಂಡ್ ಕೂನ್ ಇಮಿಪ್ರಮಿನ್ ಎಂಬ ಔಷಧ ಖಿನ್ನತೆಗೆ ನಾಟುತ್ತದೆ ಎಂದು 1957ರಲ್ಲಿ ವರದಿ ಮಾಡಿದರು. ಅಡ್ಡಪರಿಣಾಮ ಕಡಿಮೆಯಿರುವ ಫ್ಲೂಆಕ್ಸೆಟಿನ್‌ನಂಥ ಔಷಧಗಳು ಎಂಬತ್ತರ ದಶಕದ ಕೊನೆಗೆ ಬಳಕೆಗೆ ಬಂದವು. ‘ಇವೆಲ್ಲ ನಿಜಕ್ಕೂ ಕೆಲಸ ಮಾಡುತ್ತವೆಯೇ’ ಎಂಬ ಗುಮಾನಿ ಬಹುಕಾಲ ಇತ್ತು. ಆಂಡ್ರಿಯಾ ಸಿಪ್ರಿಯಾನಿ ತಂಡ 522 ಪ್ರಯೋಗಗಳ 1,16,477 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಉತ್ತರ ಕೊಟ್ಟಿತು. ಪರಿಶೀಲಿಸಿದ 21 ಔಷಧಗಳೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲಾಗಿದ್ದವು. ಆದರೆ ಆ ಮೇಲುಗೈ ಸಾಧಾರಣ ಪ್ರಮಾಣದ್ದು, ಎಲ್ಲರಿಗೂ ಮೊದಲ ಔಷಧವೇ ಹಿಡಿಸುವುದಿಲ್ಲ.

ಮಾತ್ರೆ ಶುರುವಾದ ಮೊದಲ ವಾರ ರೋಗಿಗೂ ಮನೆಯವರಿಗೂ ಕಷ್ಟದ ಕಾಲ. ವಾಕರಿಕೆ, ತಳಮಳ ಮೊದಲೇ ಬರುತ್ತವೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ‘ಇದರಿಂದ ಏನೂ ಆಗಲ್ಲ’ ಎಂದು ಬಿಟ್ಟವರು ಇಲ್ಲೇ ಎಡವುತ್ತಾರೆ. ಹದಿಹರೆಯದವರು, 25ರ ಒಳಗಿನ ಯುವಕರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು 2004 ಮತ್ತು 2007ರಲ್ಲಿ ಸೇರಿಸಿದರು. ಮಾತ್ರೆ ಕೊಡಬಾರದು ಎಂಬುದು ಅದರ ಅರ್ಥವಲ್ಲ. ಕೊಟ್ಟ ಮೇಲೆ ವಾರಕ್ಕೊಮ್ಮೆಯಾದರೂ ಕರೆದು ನೋಡಬೇಕು, ಮನೆಯವರು ಕಣ್ಣಿಟ್ಟಿರಬೇಕು. ಈ ಮಾತ್ರೆ ಚಟವಾಗುತ್ತದೆ ಎಂಬ ಭಯವೂ ಹಳ್ಳಿಗಳಲ್ಲಿ ವ್ಯಾಪಕ. ಖಿನ್ನತೆಯ ಮಾತ್ರೆಗಳು ಹೆಂಡದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುವುದರಿಂದ ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು, ಹಲವರಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ಮುಂದುವರಿಸಬೇಕಾಗುತ್ತದೆ.

ಮಾತ್ರೆಗೆ ಜಗ್ಗದ ಕಡುಖಿನ್ನತೆಗೂ ದಾರಿಗಳಿವೆ. ಸಿನಿಮಾಗಳು ಹೆದರಿಸಿಟ್ಟ ‘ಕರೆಂಟ್ ಚಿಕಿತ್ಸೆ’ಯನ್ನು ಇಂದು ಅರಿವಳಿಕೆ ಕೊಟ್ಟು, ನೋವಿಲ್ಲದಂತೆ ಮಾಡುತ್ತಾರೆ. ಊಟ ಬಿಟ್ಟು, ಮಾತು ಬಿಟ್ಟು, ಜೀವಕ್ಕೆ ಅಪಾಯವಿರುವ ಸ್ಥಿತಿಯಲ್ಲಿ ಅದರಷ್ಟು ಬೇಗ ನಾಟುವ ಚಿಕಿತ್ಸೆ ಕಡಿಮೆ. ಮನಸ್ಸಿನ ಏರಿಳಿತದ ಕಾಯಿಲೆಯಲ್ಲಿ ಬಳಸುವ ಲಿಥಿಯಂ ಆತ್ಮಹತ್ಯೆಯನ್ನು ತಗ್ಗಿಸುತ್ತದೆ ಎಂದು ಹಳೆಯ ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ, ಈಚಿನ ಒಂದು ದೊಡ್ಡ ಪ್ರಯೋಗದಲ್ಲಿ ಅದೇ ಫಲ ಕಂಡಿಲ್ಲ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಸ್‌ಕೆಟಮಿನ್ ಗಂಟೆಗಳಲ್ಲಿ ಮನಸ್ಸನ್ನು ಎತ್ತಬಲ್ಲದು. ಅದನ್ನು ಆಸ್ಪತ್ರೆಯ ನಿಗಾದಲ್ಲಷ್ಟೇ ಕೊಡಬೇಕು, ಅದು ಆತ್ಮಹತ್ಯೆಯನ್ನೇ ತಡೆಯುತ್ತದೆ ಎಂದು ಸಾಬೀತಾಗಿಲ್ಲ.

ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರವಾದ ಸುದ್ದಿ ಗೋವಾದಿಂದ ಬಂದಿದೆ. ಡಾ. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಮಂದಿಯ ಮೇಲೆ ಪ್ರಯೋಗ ನಡೆಸಿ 2017ರಲ್ಲಿ ಪ್ರಕಟಿಸಿದರು. ಆಪ್ತಸಮಾಲೋಚನೆ ನಡೆಸಿದವರು ವೈದ್ಯರೂ ಅಲ್ಲ, ಮನಃಶಾಸ್ತ್ರದ ಪದವೀಧರರೂ ಅಲ್ಲ. ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಬಾರಿ, ಪ್ರತಿ ಸಲ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಮಾತು. ಮೂರು ತಿಂಗಳ ನಂತರ ಈ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಪಡೆಯದವರಲ್ಲಿ ಶೇ 39 ಮಂದಿ. ಮನೆಯೊಳಗೆ ಮಹಿಳೆಯರ ಮೇಲಿನ ಹಿಂಸೆಯೂ ತಗ್ಗಿತ್ತು.

ಆ ಮಾತಿನಲ್ಲಿ ಇರುವುದೇನು? ಖಿನ್ನತೆ ಮನುಷ್ಯನನ್ನು ಮೂಲೆಗೆ ಕೂರಿಸುತ್ತದೆ, ಕೂತಷ್ಟೂ ಖಿನ್ನತೆ ಹೆಚ್ಚುತ್ತದೆ. ಆ ಸುತ್ತನ್ನು ಸಣ್ಣ ಕೆಲಸದಿಂದ ಮುರಿಯುವುದು ಇದರ ತಿರುಳು. ನಮ್ಮ ದಾಳಿಂಬೆ ಬೆಳೆಗಾರರಿಗಾದರೆ ಮೊದಲ ವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ತಾವೇ ಹೋಗುವುದು, ಎರಡನೆಯ ವಾರ ಸಂಜೆ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರುವುದು, ಮೂರನೆಯ ವಾರ ಸಾಲದ ಕಾಗದಗಳನ್ನೆಲ್ಲ ಹರಡಿಕೊಂಡು ತಮ್ಮನ ಜತೆ ಒಂದು ಪಟ್ಟಿ ಬರೆಯುವುದು. ಮನಸ್ಸು ಬಂದ ಮೇಲೆ ಮಾಡುವುದಲ್ಲ. ಮಾಡುತ್ತ ಹೋದಂತೆ ಮನಸ್ಸು ಬರುತ್ತದೆ.

ಬದುಕಿ ಬಂದವರ ಕೈ ಬಿಡಬಾರದು

ಆತ್ಮಹತ್ಯೆಗೆ ಯತ್ನಿಸಿ ಬದುಕಿದವರು ಮನೆಗೆ ಮರಳಿದ ಮೊದಲ ವಾರಗಳು, ತಿಂಗಳುಗಳು ಎಲ್ಲಕ್ಕಿಂತ ಅಪಾಯದವು. ಅದೇ ಹೊತ್ತಿಗೆ ನಮ್ಮ ವ್ಯವಸ್ಥೆ ಅವರ ಕೈ ಬಿಟ್ಟುಬಿಡುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಜೀವ ಉಳಿಸುತ್ತಾರೆ, ಹೆಚ್ಚಿನ ಚಿಕಿತ್ಸೆಗೆ ಚಿತ್ರದುರ್ಗಕ್ಕೋ ದಾವಣಗೆರೆಗೋ ಕಳುಹಿಸುತ್ತಾರೆ, ಡಿಸ್ಚಾರ್ಜ್ ಆಗುತ್ತದೆ. ಯಾಕೆ ಹೀಗಾಯಿತು, ಮುಂದೇನು ಎಂದು ಕೇಳುವವರಿರುವುದಿಲ್ಲ. ಮನೆಯವರೂ ಊರ ಬಾಯಿಗೆ ಹೆದರಿ ‘ಆದದ್ದಾಯಿತು, ಮಾತೆತ್ತಬೇಡಿ’ ಎಂದು ಮುಚ್ಚಿಬಿಡುತ್ತಾರೆ.

ಇಲ್ಲಿ ಸಂಶೋಧನೆ ಕೊಟ್ಟಿರುವ ಉತ್ತರ ಅಚ್ಚರಿ ಹುಟ್ಟಿಸುವಷ್ಟು ಸರಳ. ಸ್ಯಾನ್‌ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೊಟೊ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಚಿಕಿತ್ಸೆ ಬೇಡವೆಂದ 843 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ಚಿಕ್ಕ ಚಿಕ್ಕ ಪತ್ರಗಳನ್ನು ಕಳುಹಿಸಿದರು. ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬ ಅರ್ಥದ ಎರಡು ಸಾಲು, ಬೇರೇನೂ ಕೇಳಿಕೆಯಿಲ್ಲ. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಸಾವು ಕಡಿಮೆಯಿತ್ತು.

ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಮ್ಮಂಥ ದೇಶಗಳಲ್ಲಿ ಪರೀಕ್ಷಿಸಿತು. ಚೆನ್ನೈ, ಕೊಲಂಬೊ, ಬ್ರೆಜಿಲ್‌ನ ಕಂಪಿನಾಸ್, ಇರಾನಿನ ಕರಾಜ್, ಚೀನಾದ ಯುನ್‌ಚೆಂಗ್ ಈ ಐದು ಕಡೆ, ಯತ್ನಿಸಿ ಬದುಕಿದ 1,867 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜತೆ ಬಿಡುಗಡೆಗೆ ಮುನ್ನ ಒಂದು ಗಂಟೆಯ ಮಾತುಕತೆ, ನಂತರ 18 ತಿಂಗಳಲ್ಲಿ ಒಂಬತ್ತು ಬಾರಿ ಫೋನು ಅಥವಾ ಮನೆಭೇಟಿ. ಕೊನೆಗೆ ನೋಡಿದಾಗ ಎಂದಿನ ಗುಂಪಿನಲ್ಲಿ ಶೇ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು, ಸಂಪರ್ಕ ಉಳಿಸಿಕೊಂಡ ಗುಂಪಿನಲ್ಲಿ ಶೇ 0.2. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹೊಸ ಔಷಧವಿಲ್ಲ, ಯಂತ್ರವಿಲ್ಲ, ಒಂದು ಗಂಟೆ ಮಾತನಾಡಿ, ಒಂಬತ್ತು ಸಲ ‘ಹೇಗಿದ್ದೀರಿ’ ಎಂದು ವಿಚಾರಿಸಿದ್ದು ಅಷ್ಟೇ.

ಇನ್ನೊಂದು ಸಂಗತಿಯೂ ತಿಳಿದಿರಬೇಕು. ಯತ್ನಿಸಿ ಬದುಕಿದ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಸಾಯಬೇಕೆಂಬ ತೀವ್ರತೆ ಬಹಳ ಮಂದಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಹೊತ್ತು ದಾಟಿಸಿದರೆ ಬದುಕು ಮತ್ತೆ ಕುದುರುತ್ತದೆ.

ಕಾನೂನೂ ಈಗ ಅವರ ಪರವಾಗಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಉಳಿದಿಲ್ಲ. ಕೇಸಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವ ಕಾರಣ ಈಗಿಲ್ಲ.

ಕೃಷಿ ಪ್ರದೇಶಗಳಲ್ಲಿ ಸಾವು ತಗ್ಗಿಸಿದ ಇನ್ನೊಂದು ಕ್ರಮವನ್ನು ಶ್ರೀಲಂಕಾ ತೋರಿಸಿದೆ. ಅತಿ ವಿಷಕಾರಿ ಕೀಟನಾಶಕಗಳ ಮೇಲೆ ಅಲ್ಲಿನ ಸರ್ಕಾರ 1995 ಮತ್ತು 1998ರಲ್ಲಿ ನಿರ್ಬಂಧ ಹೇರಿತು. ಹತ್ತು ವರ್ಷದಲ್ಲಿ ದೇಶದ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಳಿಯಿತು, ಬೆಳೆಯ ಇಳುವರಿ ಕುಸಿಯಲಿಲ್ಲ. ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು 180 ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ ಮಾತ್ರ ಫಲ ಕೊಡಲಿಲ್ಲ ಎಂದು 2017ರಲ್ಲಿ ತಿಳಿಯಿತು. ಹೊಣೆಯನ್ನು ಮನೆಯ ಮೇಲೆ ಹೊರಿಸಿದರೆ ಸಾಲದು, ಮಾರುಕಟ್ಟೆಯಲ್ಲೇ ತಡೆಯಬೇಕು ಎಂಬುದು ಇದರ ಪಾಠ. ಭಾರತ 2018ರಲ್ಲಿ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಆ ಪಟ್ಟಿ ಇನ್ನೂ ಬೆಳೆಯಬೇಕು.

ನಮ್ಮ ಜಿಲ್ಲೆಯಲ್ಲಿ ಆಗಬೇಕಾದದ್ದು

ಮಾನಸಿಕ ಆರೋಗ್ಯವನ್ನು ಹಳ್ಳಿಯ ಆಸ್ಪತ್ರೆಗೆ ತರುವ ಕೆಲಸಕ್ಕೆ ದೇಶಕ್ಕೇ ಮಾದರಿಯಾದದ್ದು ನಮ್ಮ ಪಕ್ಕದ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಔಷಧವನ್ನು ಅಲ್ಲೇ ಸಿಗುವಂತೆ ಮಾಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಕರ್ನಾಟಕ 2014ರಲ್ಲಿ ‘ಮನೋಚೈತನ್ಯ’ ಆರಂಭಿಸಿ, ತಾಲ್ಲೂಕು ಆಸ್ಪತ್ರೆಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ಮಾಡಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಸಹಾಯವಾಣಿ ಶುರುವಾಯಿತು. ಅದರ ಕೇಂದ್ರ ಸಂಸ್ಥೆ ನಿಮ್ಹಾನ್ಸ್. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ, 2030ರೊಳಗೆ ಸಾವುಗಳನ್ನು ಶೇ 10ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿದೆ. 2022ರಲ್ಲಿ ದೇಶದಲ್ಲಿ 1,70,924 ಮಂದಿ, ಕರ್ನಾಟಕದಲ್ಲಿ 13,606 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು ಎಂಬುದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕ.

ಕಾರ್ಯಕ್ರಮಗಳ ಹೆಸರಿಗೆ ಕೊರತೆಯಿಲ್ಲ. ಕೊರತೆಯಿರುವುದು ಒಬ್ಬ ವ್ಯಕ್ತಿಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಹಿಂಬಾಲಿಸುವ ಎಳೆಗೆ. ಬಸುರಿಯ ಹೆಸರು ತಾಯಿ ಕಾರ್ಡಿನಲ್ಲಿ ಏರಿದ ದಿನದಿಂದ ಹೆರಿಗೆಯಾಗಿ ಮಗುವಿಗೆ ಲಸಿಕೆ ಬೀಳುವವರೆಗೆ ಆಶಾ ಕಾರ್ಯಕರ್ತೆ ಹತ್ತಾರು ಸಲ ಮನೆಗೆ ಬರುತ್ತಾರೆ. ಕ್ಷಯ ರೋಗಿ ಮಾತ್ರೆ ತಪ್ಪಿಸಿದರೆ ಫೋನು ಬರುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಬದುಕಿ ಬಂದವರಿಗೂ, ಖಿನ್ನತೆಯ ಮಾತ್ರೆ ಶುರು ಮಾಡಿದವರಿಗೂ ಇದೇ ಕಾಳಜಿ ಸಲ್ಲಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಆಸ್ಪತ್ರೆಗಳಿಂದ ಬಿಡುಗಡೆಯಾಗುವ ಪ್ರತಿಯೊಬ್ಬರ ಹೆಸರು, ಗೋಪ್ಯತೆ ಕೆಡದಂತೆ, ಒಬ್ಬ ಹೊಣೆಗಾರ ಸಿಬ್ಬಂದಿಯ ಬಳಿ ಇರಲಿ. ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಅವರನ್ನು ವಿಚಾರಿಸಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬೇಕಿರುವುದು ತರಬೇತಿ, ಫೋನು, ಆ ಕೆಲಸಕ್ಕೆ ತಕ್ಕ ಸಂಬಳ, ‘ಇದೂ ನಮ್ಮ ಕೆಲಸ’ ಎಂಬ ಲಿಖಿತ ಆದೇಶ. ಆಶಾ ಕಾರ್ಯಕರ್ತೆಯರ ಹೆಗಲಿಗೆ ಬಿಟ್ಟಿಯಾಗಿ ಇನ್ನೊಂದು ಹೊರೆ ಹೇರುವುದು ಇದಕ್ಕೆ ಪರಿಹಾರವಲ್ಲ.

ಮಠಗಳ ಮಾತಿಗೆ ಬೆಲೆಯಿರುವ ಜಿಲ್ಲೆಯಿದು. ಸಿರಿಗೆರೆ, ಸಾಣೇಹಳ್ಳಿಯಂಥ ಕಡೆ ಸಾವಿರಾರು ಜನ ಸೇರುವ ವೇದಿಕೆಗಳಲ್ಲಿ ‘ಖಿನ್ನತೆ ಕಾಯಿಲೆ, ಅದಕ್ಕೆ ಮದ್ದಿದೆ’ ಎಂಬ ಒಂದು ಮಾತು ಬಂದರೆ ಅದು ನೂರು ಕರಪತ್ರಕ್ಕೆ ಸಮ. ಪತ್ರಕರ್ತರೂ ಸಾವಿನ ವಿಧಾನ, ಜಾಗ ವರ್ಣಿಸುವುದನ್ನು ಬಿಟ್ಟು, ಪ್ರತಿ ವರದಿಯ ಕೊನೆಗೆ ಸಹಾಯವಾಣಿಯ ಸಂಖ್ಯೆ ಹಾಕಬೇಕು. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಈ ಕುರಿತ ಮಾರ್ಗಸೂಚಿ ಒಪ್ಪಿಕೊಂಡಿದೆ.

ಉಳಿದದ್ದು ನಮ್ಮ ನಿಮ್ಮ ಪಾಲಿನದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಸಂಘದಲ್ಲಿ ಎರಡು ವಾರದಿಂದ ನಿದ್ದೆ ಕೆಟ್ಟು, ಮಾತು ಕಡಿಮೆಯಾಗಿ, ‘ನಾನಿದ್ದು ಏನು ಪ್ರಯೋಜನ’ ಎನ್ನುತ್ತಿರುವವರು ಇದ್ದರೆ ಪಕ್ಕದಲ್ಲಿ ಕುಳಿತು ಕೇಳಿ. ಉತ್ತರ ಏನೇ ಬರಲಿ, ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ನೀವೇ ಜತೆಗೆ ಹೋಗಿ. ಒಂದು ವಾರ ಬಿಟ್ಟು ಮತ್ತೆ ವಿಚಾರಿಸಿ. ಈ ಸಾಲುಗಳನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ, ಅದನ್ನು ಇವತ್ತೇ ಒಬ್ಬರಿಗೆ ಹೇಳಿ. ಇದು ನಿಮ್ಮ ಸೋಲಲ್ಲ, ಚಿಕಿತ್ಸೆಯಿರುವ ಕಾಯಿಲೆ.

ಟೆಲಿ ಮಾನಸ್ ಸಹಾಯವಾಣಿ: 14416 ಅಥವಾ 1800 891 4416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.